ಗಡಿನಾಡಿನ ಕನ್ನಡ ವಿದ್ಯಾರ್ಥಿಗಳಿಗೆ ಐಟಿ ಪದವಿ: ವಿಶ್ವವಿದ್ಯಾಲಯದ ಆಯ್ಕೆ ಹತ್ತನೇ ತರಗತಿಯಲ್ಲೇ ಆರಂಭ

ಪ್ರತಿವರ್ಷ ಮೇ ತಿಂಗಳು ಬಂತೆಂದರೆ ಗಡಿನಾಡಿನ ಕನ್ನಡ ಶಾಲೆಗಳ ಅಧ್ಯಾಪಕರಾದ ನಮ್ಮನ್ನು ಪೋಷಕರು ಕೇಳುವ ಪ್ರಶ್ನೆಗಳಲ್ಲಿ ಇದೊಂದು ತಪ್ಪುವುದಿಲ್ಲ: ಮಗುವನ್ನು ಐಟಿಗೆ ಸೇರಿಸಬೇಕೆಂದಿದ್ದೇವೆ, ಯಾವ ವಿಶ್ವವಿದ್ಯಾಲಯ ಒಳ್ಳೆಯದು? ರಾಜ್ಯದ ನಡುಭಾಗದಲ್ಲಿ ವಾಸಿಸುವ ಕುಟುಂಬಕ್ಕೆ ಇದು ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಏಳುವ ಪ್ರಶ್ನೆ. ನಮ್ಮ ಪಾಲಿಗೆ ಹಾಗಲ್ಲ. ನಮ್ಮ ಮಕ್ಕಳು ಯಾವ ವಿಶ್ವವಿದ್ಯಾಲಯದ ಬಾಗಿಲು ತಟ್ಟಬಹುದು, ಯಾವುದನ್ನು ತಟ್ಟಲಾಗದು ಎಂಬುದು ಬಹುಮಟ್ಟಿಗೆ ಅವರು ಹನ್ನೊಂದು ಮತ್ತು ಹನ್ನೆರಡನೇ ತರಗತಿಯನ್ನು ಗಡಿಯ ಯಾವ ಬದಿಯಲ್ಲಿ ಓದಿದರು ಎಂಬುದರಿಂದ ತೀರ್ಮಾನವಾಗಿಬಿಟ್ಟಿರುತ್ತದೆ.

ಕನ್ನಡದಲ್ಲಿ ಓದು ಮುಂದುವರಿಯಲಿ ಎಂಬ ಹಂಬಲದಿಂದಲೋ, ಹತ್ತಿರದ ಪೇಟೆ ಕರ್ನಾಟಕದಲ್ಲಿದೆ ಎಂಬ ಅನುಕೂಲದಿಂದಲೋ ಹತ್ತನೇ ತರಗತಿ ಮುಗಿಸಿದ ಮಕ್ಕಳನ್ನು ಮಂಗಳೂರು, ಚಾಮರಾಜನಗರ, ಬಳ್ಳಾರಿ, ವಿಜಯಪುರಗಳ ಪಿಯು ಕಾಲೇಜುಗಳಿಗೆ ಕಳುಹಿಸುವುದು ನಮ್ಮಲ್ಲಿ ವಾಡಿಕೆ. ಅದು ತಪ್ಪೇನಲ್ಲ. ಆದರೆ ಒಂದೇ ಹೆಜ್ಜೆಯ ಫಲ ಒಂದೊಂದು ಗಡಿಯಲ್ಲಿ ಒಂದೊಂದು ಬಗೆ. ಕಾಸರಗೋಡಿನ ವಿದ್ಯಾರ್ಥಿಗೆ ಹೊಸ ಬಾಗಿಲು ತೆರೆಯುವ ಅದೇ ನಿರ್ಧಾರ ರಾಯದುರ್ಗದ ವಿದ್ಯಾರ್ಥಿಗೆ ಇರುವ ಬಾಗಿಲನ್ನೂ ಮುಚ್ಚಬಹುದು. ಆದ್ದರಿಂದ ಈ ಲೇಖನದಲ್ಲಿ ಮೊದಲು ಅರ್ಹತೆಯ ವಿಚಾರವನ್ನೂ ಬಳಿಕ ವಿಶ್ವವಿದ್ಯಾಲಯವನ್ನು ಅಳೆಯುವ ಬಗೆಯನ್ನೂ ವಿವರಿಸಿದ್ದೇವೆ.

ಪದವಿಯ ಹೆಸರುಗಳಲ್ಲಿ ಗೊಂದಲ ಬೇಡ

ಐಟಿ ಎಂದು ನಾವು ಕರೆಯುವ ಓದಿಗೆ ರಾಜ್ಯದಿಂದ ರಾಜ್ಯಕ್ಕೆ ಹೆಸರು ಬೇರೆ. ಕರ್ನಾಟಕದ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಕಾಲೇಜುಗಳಲ್ಲಿ ಇದು ಬಹುಕಾಲದಿಂದ ‘ಇನ್ಫರ್ಮೇಶನ್ ಸೈನ್ಸ್ ಅಂಡ್ ಇಂಜಿನಿಯರಿಂಗ್’ ಎಂಬ ಹೆಸರಿನಲ್ಲಿದೆ. ಕೇರಳ, ಮಹಾರಾಷ್ಟ್ರ, ಆಂಧ್ರಗಳಲ್ಲಿ ‘ಇನ್ಫರ್ಮೇಶನ್ ಟೆಕ್ನಾಲಜಿ’ ಎಂದೇ ಇದೆ. ತಮಿಳುನಾಡಿನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಕಂಪ್ಯೂಟರ್ ಸೈನ್ಸ್ ಓದಿದವರಿಗೆ ಬಿಇ ಪದವಿ, ಐಟಿ ಓದಿದವರಿಗೆ ಬಿಟೆಕ್ ಪದವಿ. ಬಿಇ ಮತ್ತು ಬಿಟೆಕ್‌ಗಳ ನಡುವೆ ಮಾನ್ಯತೆಯಲ್ಲಿ ಯಾವ ಭೇದವೂ ಇಲ್ಲ. ಕಂಪ್ಯೂಟರ್ ಸೈನ್ಸ್ ಮತ್ತು ಐಟಿಗಳ ತಿರುಳೂ ಹೆಚ್ಚುಕಡಿಮೆ ಒಂದೇ: ಪ್ರೋಗ್ರಾಮಿಂಗ್, ಡೇಟಾ ಸ್ಟ್ರಕ್ಚರ್ಸ್, ಆಪರೇಟಿಂಗ್ ಸಿಸ್ಟಮ್, ಡೇಟಾಬೇಸ್, ಕಂಪ್ಯೂಟರ್ ನೆಟ್‌ವರ್ಕ್. ಐಟಿಯಲ್ಲಿ ಜಾಲ, ದತ್ತಾಂಶ ಹಾಗೂ ಅನ್ವಯಗಳ ಕಡೆಗೆ ಒತ್ತು ತುಸು ಹೆಚ್ಚು. ಕಂಪ್ಯೂಟರ್ ಸೈನ್ಸಿನಲ್ಲಿ ಸಿದ್ಧಾಂತ ಹಾಗೂ ಯಂತ್ರರಚನೆಯ ಕಡೆಗೆ ತುಸು ಹೆಚ್ಚು. ಕಂಪ್ಯೂಟರ್ ಸೈನ್ಸ್ ಸಿಗಲಿಲ್ಲವೆಂದು ಒಳ್ಳೆಯ ಕಾಲೇಜಿನ ಐಟಿ ಸೀಟನ್ನು ಬಿಟ್ಟು ಸಾಧಾರಣ ಕಾಲೇಜಿಗೆ ಓಡುವುದು ವಿವೇಕವಲ್ಲ.

ಇಂಜಿನಿಯರಿಂಗ್ ಒಂದೇ ದಾರಿಯೂ ಅಲ್ಲ. ಬಿಸಿಎ ಮತ್ತು ಬಿಎಸ್‌ಸಿ (ಕಂಪ್ಯೂಟರ್ ಸೈನ್ಸ್ ಅಥವಾ ಐಟಿ) ಪದವಿಗಳಿಗೆ ಶುಲ್ಕ ಕಡಿಮೆ, ಪ್ರವೇಶ ಪರೀಕ್ಷೆಯ ಒತ್ತಡವೂ ಸಾಮಾನ್ಯವಾಗಿ ಇಲ್ಲ. ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) 2024-25ರಿಂದ ಬಿಸಿಎ ಪದವಿಯನ್ನೂ ತನ್ನ ವ್ಯಾಪ್ತಿಗೆ ತಂದುಕೊಂಡಿದೆ. ಬಿಸಿಎ ಬಳಿಕ ಎಂಸಿಎ ಓದಬಹುದು. ಮೊದಲು ಮೂರು ವರ್ಷವಿದ್ದ ಎಂಸಿಎ ಅವಧಿ 2020-21ರಿಂದ ಎರಡು ವರ್ಷ. ಅವಧಿಯ ಲೆಕ್ಕದಲ್ಲಿ ಗಡಿಯ ಎರಡು ಬದಿಗಳೂ ಈಗ ಬೇರೆ ಬೇರೆ. ಕೇರಳದ ವಿಶ್ವವಿದ್ಯಾಲಯಗಳಲ್ಲಿ 2024-25ರಿಂದ ನಾಲ್ಕು ವರ್ಷದ ಪದವಿ ವ್ಯವಸ್ಥೆ ಬಂದಿದೆ. ಮೂರನೇ ವರ್ಷದ ಕೊನೆಗೆ ಪದವಿ ಪಡೆದು ಹೊರಬರಬಹುದು, ನಾಲ್ಕನೇ ವರ್ಷ ಓದಿದರೆ ಆನರ್ಸ್. ಅದೇ ವರ್ಷ ಕರ್ನಾಟಕವು ನಾಲ್ಕು ವರ್ಷದ ವ್ಯವಸ್ಥೆಯನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿತು.

ಗಣಿತದ ಬಗ್ಗೆ ಒಂದು ಮಾತು. ಇಂಜಿನಿಯರಿಂಗ್‌ಗೆ ಹನ್ನೆರಡನೇ ತರಗತಿಯಲ್ಲಿ ಭೌತಶಾಸ್ತ್ರ ಮತ್ತು ಗಣಿತ ಇರಲೇಬೇಕೆಂದು ತಿಳಿದು ಮುಂದುವರಿಯುವುದು ಕ್ಷೇಮ. ಬಿಸಿಎ ಪ್ರವೇಶಕ್ಕೆ ಗಣಿತದ ನಿಯಮ ವಿಶ್ವವಿದ್ಯಾಲಯದಿಂದ ವಿಶ್ವವಿದ್ಯಾಲಯಕ್ಕೆ ಬೇರೆ. ಆದರೆ ಎಂಸಿಎಗೆ ಹೋಗುವಾಗ ಹನ್ನೆರಡನೇ ತರಗತಿಯಲ್ಲಾಗಲಿ ಪದವಿಯಲ್ಲಾಗಲಿ ಗಣಿತ ಓದಿದ್ದೀರಾ ಎಂಬ ಪ್ರಶ್ನೆ ಎದುರಾಗುತ್ತದೆ. ಕನ್ನಡ ಮಾಧ್ಯಮದ ಮಕ್ಕಳು ಗಣಿತಕ್ಕೆ ಹೆದರಿ ಹತ್ತನೇ ತರಗತಿಯ ಬಳಿಕ ಅದನ್ನು ಬಿಟ್ಟುಬಿಡುವುದನ್ನು ನಾವು ಕಾಣುತ್ತಿದ್ದೇವೆ. ಐಟಿಯ ಆಸೆ ಒಂದಿಷ್ಟಾದರೂ ಇದ್ದರೆ ಗಣಿತವನ್ನು ಬಿಡಬಾರದು.

ಗಡಿ ದಾಟುವ ಮುನ್ನ: ಪ್ರದೇಶವಾರು ವಿವರ

ಕಾಸರಗೋಡು. ಕೇರಳದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ‘ಕೀಮ್’. 2024ರಿಂದ ಇದು ಕಂಪ್ಯೂಟರ್ ಮೂಲಕ ನಡೆಯುತ್ತದೆ. ಒಟ್ಟು 150 ಪ್ರಶ್ನೆಗಳಲ್ಲಿ ಗಣಿತಕ್ಕೆ 75, ಭೌತಶಾಸ್ತ್ರಕ್ಕೆ 45, ರಸಾಯನಶಾಸ್ತ್ರಕ್ಕೆ 30. ಸರಿಯುತ್ತರಕ್ಕೆ 4 ಅಂಕ, ತಪ್ಪಿಗೆ 1 ಅಂಕ ಕಡಿತ. ಪರೀಕ್ಷೆಯ ಅಂಕಕ್ಕೂ ಹನ್ನೆರಡನೇ ತರಗತಿಯ ಅಂಕಕ್ಕೂ ಸಮಾನ ತೂಕ ಕೊಟ್ಟು ರ‍್ಯಾಂಕ್ ನಿಗದಿಯಾಗುತ್ತದೆ. ಮುಳಿಯಾರಿನ ಪೊವ್ವಲ್‌ನಲ್ಲಿ 1993ರಲ್ಲಿ ಆರಂಭವಾದ ಎಲ್‌ಬಿಎಸ್ ಇಂಜಿನಿಯರಿಂಗ್ ಕಾಲೇಜು ನಮ್ಮ ಜಿಲ್ಲೆಯಲ್ಲೇ ಇದೆ. ಪದವಿ ನೀಡುವುದು ಎಪಿಜೆ ಅಬ್ದುಲ್ ಕಲಾಂ ತಾಂತ್ರಿಕ ವಿಶ್ವವಿದ್ಯಾಲಯ. ಕೀಮ್ ವಿಚಾರದಲ್ಲಿ ಸಮಾಧಾನದ ಸಂಗತಿಯೆಂದರೆ, ಕೇರಳ ಮೂಲದ ವಿದ್ಯಾರ್ಥಿಯು ಪಿಯುಸಿಯನ್ನು ಮಂಗಳೂರಿನಲ್ಲಿ ಓದಿದರೂ ‘ಕೇರಳೀಯ’ ಎಂಬ ಹಕ್ಕು ಹೋಗುವುದಿಲ್ಲ. ಜನ್ಮಸ್ಥಳದ ದಾಖಲೆ ಅಥವಾ ಗ್ರಾಮಾಧಿಕಾರಿಯ ಪ್ರಮಾಣಪತ್ರ ಸಾಕಾಗುತ್ತದೆ.

ಇನ್ನು ಕರ್ನಾಟಕದ ಸಿಇಟಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ತಲಾ 60 ಅಂಕ, ತಪ್ಪಿಗೆ ಕಡಿತವಿಲ್ಲ, ಇಲ್ಲೂ ಸಿಇಟಿ ಮತ್ತು ದ್ವಿತೀಯ ಪಿಯುಸಿ ಅಂಕಗಳಿಗೆ ಸಮಾನ ತೂಕ. ಕರ್ನಾಟಕದ ಸರಕಾರಿ ಸೀಟಿಗೆ ಸಾಮಾನ್ಯ ನಿಯಮವೆಂದರೆ ಒಂದರಿಂದ ಹನ್ನೆರಡನೇ ತರಗತಿಯೊಳಗೆ ಕನಿಷ್ಠ 7 ವರ್ಷ ಕರ್ನಾಟಕದಲ್ಲಿ ಓದಿರಬೇಕು. ಅದಿಲ್ಲದ ನಮ್ಮ ಮಕ್ಕಳಿಗಾಗಿ ‘ಗಡಿನಾಡ ಕನ್ನಡಿಗ’ ಎಂಬ ಪ್ರತ್ಯೇಕ ಅವಕಾಶವಿದೆ. ಕನ್ನಡ, ತುಳು ಅಥವಾ ಕೊಡವ ಮಾತೃಭಾಷೆಯವರಾಗಿದ್ದು, ಕೇರಳದ ಕಾಸರಗೋಡು, ಮಹಾರಾಷ್ಟ್ರದ ದಕ್ಷಿಣ ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಮತ್ತು ಗಡಹಿಂಗ್ಲಜ ಪ್ರದೇಶಗಳ ನಿವಾಸಿಗಳಾಗಿರುವವರು, ಆ ಪ್ರದೇಶದ ಶಾಲೆಗಳಲ್ಲಿ ನಿಗದಿತ ಅವಧಿಯವರೆಗೆ ಓದಿದ್ದರೆ ಇದರಡಿ ಅರ್ಜಿ ಸಲ್ಲಿಸಬಹುದು. ಅವರಿಗೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು 50 ಅಂಕಗಳ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಕನಿಷ್ಠ 12 ಅಂಕ ಬೇಕು. ಪ್ರಾಥಮಿಕ ಶಾಲೆಯ ಮಟ್ಟದ ಪ್ರಶ್ನೆಗಳು. ಕನ್ನಡ ಶಾಲೆಯಲ್ಲಿ ಓದಿದ ಮಗುವಿಗೆ ಕಷ್ಟವೇ ಅಲ್ಲ. ಆದರೆ ಆ ಪರೀಕ್ಷೆಯ ದಿನ ಹಾಜರಾಗದಿದ್ದರೆ ಸಿಇಟಿಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಈ ಅವಕಾಶ ಇಲ್ಲವಾಗುತ್ತದೆ. ಕೇರಳದ ಪ್ಲಸ್ ಟು ಅಂಕಗಳನ್ನು ಪ್ರಾಧಿಕಾರದ ಜಾಲತಾಣದಲ್ಲಿ ತಾವೇ ದಾಖಲಿಸಬೇಕು ಎಂಬುದನ್ನೂ ಮರೆಯಬಾರದು.

ಸೊಲ್ಲಾಪುರ, ಅಕ್ಕಲಕೋಟೆ, ಜತ್ತ. ಮೇಲೆ ಹೇಳಿದ ಗಡಿನಾಡ ಕನ್ನಡಿಗ ಅವಕಾಶ ಈ ಭಾಗದವರಿಗೂ ಉಂಟು. ಜೊತೆಗೆ ಮಹಾರಾಷ್ಟ್ರದ ಎಂಎಚ್‌ಟಿ-ಸಿಇಟಿ ಇದೆ. ಒಟ್ಟು 200 ಅಂಕಗಳಲ್ಲಿ ಗಣಿತಕ್ಕೇ 100, ತಪ್ಪಿಗೆ ಕಡಿತವಿಲ್ಲ. ಹತ್ತನೇ ಹಾಗೂ ಹನ್ನೆರಡನೇ ತರಗತಿ ಎರಡನ್ನೂ ಮಹಾರಾಷ್ಟ್ರದಲ್ಲಿ ಮುಗಿಸಿದವರು ಒಂದು ವರ್ಗಕ್ಕೂ, ಹೊರಗೆ ಓದಿದ್ದರೂ ತಾವಾಗಲಿ ತಂದೆ-ತಾಯಿಯಾಗಲಿ ಮಹಾರಾಷ್ಟ್ರದ ಡೊಮಿಸೈಲ್ ಪ್ರಮಾಣಪತ್ರ ಹೊಂದಿರುವವರು ಇನ್ನೊಂದು ವರ್ಗಕ್ಕೂ ಸೇರುತ್ತಾರೆ. ಆದುದರಿಂದ ವಿಜಯಪುರಕ್ಕೋ ಕಲಬುರಗಿಗೋ ಮಗುವನ್ನು ಕಳುಹಿಸುವ ಮುನ್ನ ಡೊಮಿಸೈಲ್ ಮಾಡಿಸಿಟ್ಟುಕೊಳ್ಳಬೇಕು. ಬಿಸಿಎ, ಬಿಎಸ್‌ಸಿ ಓದುವವರಿಗೆ 2004ರಲ್ಲಿ ಸ್ಥಾಪನೆಯಾದ ಸೊಲ್ಲಾಪುರ ವಿಶ್ವವಿದ್ಯಾಲಯ ಹತ್ತಿರ. ಜತ್ತ ತಾಲೂಕು ಸಾಂಗ್ಲಿ ಜಿಲ್ಲೆಯದಾದ್ದರಿಂದ ಕೊಲ್ಹಾಪುರದ ಶಿವಾಜಿ ವಿಶ್ವವಿದ್ಯಾಲಯದ ವ್ಯಾಪ್ತಿಗೆ ಬರುತ್ತದೆ.

ತಾಳವಾಡಿ, ಹೊಸೂರು, ನೀಲಗಿರಿ. ತಮಿಳುನಾಡಿನಲ್ಲಿ ಇಂಜಿನಿಯರಿಂಗ್‌ಗೆ ಪ್ರವೇಶ ಪರೀಕ್ಷೆಯೇ ಇಲ್ಲ. ಹನ್ನೆರಡನೇ ತರಗತಿಯ ಗಣಿತದ ಅಂಕವನ್ನು 100ಕ್ಕೂ, ಭೌತ ಮತ್ತು ರಸಾಯನಶಾಸ್ತ್ರದ ಅಂಕಗಳನ್ನು ತಲಾ 50ಕ್ಕೂ ಇಳಿಸಿ ಒಟ್ಟು 200ರ ‘ಕಟ್ ಆಫ್’ ಲೆಕ್ಕ ಹಾಕುತ್ತಾರೆ. ತರಬೇತಿ ಕೇಂದ್ರಗಳಿಗೆ ಹಣ ಸುರಿಯಲಾಗದ ಬಡ ಕುಟುಂಬಕ್ಕೆ ಇದು ದೊಡ್ಡ ಅನುಕೂಲ. ಇದಕ್ಕಿಂತ ದೊಡ್ಡದು 2021ರ ಕಾಯಿದೆ. ಆರರಿಂದ ಹನ್ನೆರಡನೇ ತರಗತಿಯವರೆಗೆ ತಮಿಳುನಾಡಿನ ಸರಕಾರಿ ಶಾಲೆಗಳಲ್ಲಿ ಓದಿದವರಿಗೆ ವೃತ್ತಿಪರ ಪದವಿಗಳಲ್ಲಿ ಶೇ. 7.5 ಆದ್ಯತಾ ಮೀಸಲಾತಿ ಇದೆ. ಇದರಡಿ ಸೀಟು ಪಡೆದವರ ಬೋಧನಾ ಶುಲ್ಕವನ್ನೂ ಹಾಸ್ಟೆಲ್ ವೆಚ್ಚವನ್ನೂ ಸರಕಾರವೇ ಭರಿಸುತ್ತದೆ. ತಾಳವಾಡಿಯ ಸರಕಾರಿ ಶಾಲೆಯ ಮಗು ಹತ್ತನೇ ತರಗತಿ ಮುಗಿಸಿ ಚಾಮರಾಜನಗರಕ್ಕೆ ಪಿಯುಸಿಗೆ ಹೋದ ದಿನವೇ ಈ ಹಕ್ಕನ್ನು ಕಳೆದುಕೊಳ್ಳುತ್ತದೆ. ಈರೋಡಿನ ಸರಕಾರಿ ಇಂಜಿನಿಯರಿಂಗ್ ಕಾಲೇಜು, ಬರಗೂರಿನ ಸರಕಾರಿ ಇಂಜಿನಿಯರಿಂಗ್ ಕಾಲೇಜುಗಳಂಥ ಕಡೆ ಶುಲ್ಕವಿಲ್ಲದೆ ಓದುವ ಅವಕಾಶವನ್ನು ತಿಳಿಯದೆ ಬಿಟ್ಟುಕೊಡುವುದು ನೋವಿನ ಸಂಗತಿ.

ಆದವಾನಿ, ರಾಯದುರ್ಗ, ಮಡಕಶಿರಾ. ಇಲ್ಲಿ ಹೆಚ್ಚಿನ ಎಚ್ಚರ ಬೇಕು. ಆಂಧ್ರಪ್ರದೇಶದಲ್ಲಿ ಸಂವಿಧಾನದ 371-ಡಿ ವಿಧಿಯಡಿ ಹೊರಡಿಸಲಾದ ರಾಷ್ಟ್ರಪತಿ ಆದೇಶದಂತೆ ಶೇ. 85 ಸೀಟುಗಳು ಆಯಾ ಪ್ರದೇಶದ ‘ಸ್ಥಳೀಯ’ ಅಭ್ಯರ್ಥಿಗಳಿಗೆ. ಅನಂತಪುರ ಮತ್ತು ಕರ್ನೂಲು ಭಾಗ ಶ್ರೀ ವೆಂಕಟೇಶ್ವರ ವಿಶ್ವವಿದ್ಯಾಲಯ ಪ್ರದೇಶಕ್ಕೆ ಸೇರುತ್ತದೆ. ಸ್ಥಳೀಯ ಎನಿಸಲು ಮುಖ್ಯ ಅಳತೆ, ಅರ್ಹತಾ ಪರೀಕ್ಷೆಯೊಂದಿಗೆ ಮುಗಿಯುವ ಸತತ 4 ವರ್ಷ ಆ ಪ್ರದೇಶದಲ್ಲೇ ಓದಿರುವುದು. ಅಂದರೆ ಒಂಬತ್ತರಿಂದ ಇಂಟರ್‌ಮೀಡಿಯೆಟ್ ಎರಡನೇ ವರ್ಷದವರೆಗೆ. ಬಳ್ಳಾರಿಯಲ್ಲಿ ಪಿಯುಸಿ ಓದಿದರೆ ಈ ಸರಣಿ ಕಡಿಯುತ್ತದೆ. ಉಳಿಯುವುದು ತಂದೆ-ತಾಯಿ ರಾಜ್ಯದಲ್ಲಿ ಹತ್ತು ವರ್ಷ ನೆಲೆಸಿದ ಆಧಾರದ ಮೇಲೆ ಶೇ. 15ರ ತೆರೆದ ಸೀಟುಗಳ ಸ್ಪರ್ಧೆ ಮಾತ್ರ. ಅತ್ತ ಕರ್ನಾಟಕದ 7 ವರ್ಷದ ನಿಯಮಕ್ಕೆ ಎರಡು ವರ್ಷದ ಪಿಯುಸಿ ಸಾಲದು; ಗಡಿನಾಡ ಕನ್ನಡಿಗ ಪಟ್ಟಿಯಲ್ಲಿ ಈ ತಾಲೂಕುಗಳ ಹೆಸರಿಲ್ಲ. ಎರಡು ದೋಣಿಗಳಲ್ಲಿ ಕಾಲಿಟ್ಟವನ ಪಾಡು ಇದು. ಆಂಧ್ರದ ಎಪಿ ಇಎಪಿಸೆಟ್‌ನಲ್ಲಿ 160 ಪ್ರಶ್ನೆಗಳಿದ್ದು ಅರ್ಧದಷ್ಟು, ಅಂದರೆ 80 ಪ್ರಶ್ನೆಗಳು ಗಣಿತದವು. ಇಂಟರ್ ಅಂಕಕ್ಕೆ ಶೇ. 25 ತೂಕ. ಅನಂತಪುರದ ಜೆಎನ್‌ಟಿಯು ಈ ಭಾಗದ ತಾಂತ್ರಿಕ ವಿಶ್ವವಿದ್ಯಾಲಯ. ಅದರ ಇಂಜಿನಿಯರಿಂಗ್ ಕಾಲೇಜು 1946ರಷ್ಟು ಹಳೆಯದು. ಪಶ್ಚಿಮ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಜಹೀರಾಬಾದ್ ಭಾಗದವರೂ ಸ್ಥಳೀಯತೆಯ ನಿಯಮವನ್ನು ಇಷ್ಟೇ ಎಚ್ಚರದಿಂದ ನೋಡಿಕೊಳ್ಳಬೇಕು.

ತಾಯಿಯ ಶಾಲಾ ದಾಖಲೆ

ಎಲ್ಲ ಗಡಿ ತಾಲೂಕುಗಳಿಗೂ ಅನ್ವಯಿಸುವ, ಆದರೆ ಹಲವರು ಗಮನಿಸದ ಒಂದು ನಿಯಮವಿದೆ. ವಿದ್ಯಾರ್ಥಿಯು ಪ್ರಥಮ ಮತ್ತು ದ್ವಿತೀಯ ಪಿಯುಸಿ ಎರಡನ್ನೂ ಕರ್ನಾಟಕದಲ್ಲಿ ಓದಿ, ತಂದೆ ಅಥವಾ ತಾಯಿ ಇಬ್ಬರಲ್ಲಿ ಒಬ್ಬರು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿದ್ದರೆ ಸಿಇಟಿ ಮೂಲಕ ಸರಕಾರಿ ಸೀಟಿಗೆ ಅರ್ಹತೆ ಸಿಗುತ್ತದೆ. ಗಡಿ ಎಂಬುದು ನಕ್ಷೆಯಲ್ಲಿ ಬಂದದ್ದು. ಮದುವೆ ಸಂಬಂಧಗಳು ಅದಕ್ಕೂ ಹಿಂದಿನವು. ಚಳ್ಳಕೆರೆಯಿಂದ ರಾಯದುರ್ಗಕ್ಕೆ, ಗುಂಡ್ಲುಪೇಟೆಯಿಂದ ತಾಳವಾಡಿಗೆ, ಪುತ್ತೂರಿನಿಂದ ಬದಿಯಡ್ಕಕ್ಕೆ ಸೊಸೆಯಾಗಿ ಬಂದ ತಾಯಂದಿರು ನಮ್ಮ ಶಾಲೆಗಳ ಪೋಷಕರಲ್ಲಿ ಬಹಳ. ಅವರು ಓದಿದ ಶಾಲೆಗಳಿಂದ ವ್ಯಾಸಂಗ ಪ್ರಮಾಣಪತ್ರ ಪಡೆಯುವುದು ಕೆಲವು ದಿನಗಳ ಕೆಲಸ. ತವರಿನ ಆ ಹಳೆಯ ದಾಖಲೆ ಮಗುವಿನ ಪದವಿಗೆ ದಾರಿಯಾಗಬಲ್ಲದು. ಮಗುವನ್ನು ಪಿಯುಸಿಗೆ ಕಳುಹಿಸುವ ಮೊದಲೇ ಇದನ್ನು ಪರಿಶೀಲಿಸಬೇಕು.

ಎನ್‌ಐಟಿ, ಐಐಐಟಿ ಮತ್ತು ಕನ್ನಡ ಪ್ರಶ್ನೆಪತ್ರಿಕೆ

ಜೆಇಇ ಮೇನ್ ಮೂಲಕ ದೊರೆಯುವ ಎನ್‌ಐಟಿಗಳಲ್ಲಿ ಅರ್ಧದಷ್ಟು ಸೀಟುಗಳು ಆ ರಾಜ್ಯದವರಿಗೆ. ಇಲ್ಲಿ ‘ಆ ರಾಜ್ಯದವರು’ ಎಂದರೆ ಹುಟ್ಟಿದವರೂ ಅಲ್ಲ, ವಾಸಿಸುವವರೂ ಅಲ್ಲ. ಹನ್ನೆರಡನೇ ತರಗತಿಯನ್ನು ಆ ರಾಜ್ಯದಲ್ಲಿ ತೇರ್ಗಡೆಯಾದವರು. ಮಂಜೇಶ್ವರದ ವಿದ್ಯಾರ್ಥಿಯು ಪ್ಲಸ್ ಟುವನ್ನು ಊರಲ್ಲೇ ಓದಿದರೆ ಅವನ ಪಾಲಿನ ಎನ್‌ಐಟಿ ಕಲ್ಲಿಕೋಟೆಯದು. ಮಂಗಳೂರಿನ ಆಚೆಗೇ ಇರುವ ಸುರತ್ಕಲ್ ಎನ್‌ಐಟಿಕೆಯಲ್ಲಿ ಅವನು ಹೊರರಾಜ್ಯದವನು. ಅದೇ ವಿದ್ಯಾರ್ಥಿ ಪಿಯುಸಿಯನ್ನು ಮಂಗಳೂರಿನಲ್ಲಿ ಓದಿದರೆ ಲೆಕ್ಕ ತಿರುಗುಮುರುಗಾಗುತ್ತದೆ. ಸುರತ್ಕಲ್‌ನಲ್ಲಿ ಐಟಿಯೇ ಪ್ರತ್ಯೇಕ ಬಿಟೆಕ್ ಶಾಖೆಯಾಗಿದೆ. ಧಾರವಾಡ, ರಾಯಚೂರು, ಕೋಟ್ಟಯಂ, ಕರ್ನೂಲುಗಳಲ್ಲಿರುವ ಐಐಐಟಿಗಳಲ್ಲಿ ಈ ರಾಜ್ಯವಾರು ಹಂಚಿಕೆ ಇಲ್ಲ. ಅಖಿಲ ಭಾರತ ರ‍್ಯಾಂಕ್ ಒಂದೇ ಆಧಾರ. ಹೀಗಾಗಿ ಗಡಿಯ ತೊಡಕು ಕಾಡದ ಸಂಸ್ಥೆಗಳಿವು.

ಜೆಇಇ ಮೇನ್ ಈಗ ಕನ್ನಡವೂ ಸೇರಿದಂತೆ 13 ಭಾಷೆಗಳಲ್ಲಿ ನಡೆಯುತ್ತದೆ. ಆದರೆ ಇಂಗ್ಲಿಷ್, ಹಿಂದಿ, ಉರ್ದು ಪತ್ರಿಕೆಗಳು ದೇಶದ ಎಲ್ಲ ಕೇಂದ್ರಗಳಲ್ಲಿ ದೊರೆತರೆ, ಕನ್ನಡ ಪತ್ರಿಕೆ ದೊರೆಯುವುದು ಕರ್ನಾಟಕದ ಕೇಂದ್ರಗಳಲ್ಲಿ ಮಾತ್ರ. ಹತ್ತು ವರ್ಷ ಕನ್ನಡದಲ್ಲಿ ಗಣಿತ ಓದಿದ ಕಾಸರಗೋಡಿನ ಮಗುವಿಗೆ ಕಾಸರಗೋಡಿನ ಕೇಂದ್ರದಲ್ಲಿ ಕನ್ನಡ ಪ್ರಶ್ನೆಪತ್ರಿಕೆ ಇಲ್ಲ, ಸೊಲ್ಲಾಪುರದಲ್ಲೂ ಇಲ್ಲ. ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನದ 350-ಎ ವಿಧಿ ಹೇಳುತ್ತದೆ. ಆ ಸೌಲಭ್ಯವನ್ನು ನಂಬಿ ಓದಿದವರಿಗೆ ಮುಂದಿನ ಹಂತದಲ್ಲಿ ಪ್ರಶ್ನೆಪತ್ರಿಕೆಯನ್ನೂ ಒದಗಿಸುವುದು ನ್ಯಾಯ. ಭಾಷಾ ಅಲ್ಪಸಂಖ್ಯಾತರಿರುವ ಗಡಿ ಜಿಲ್ಲೆಗಳ ಕೇಂದ್ರಗಳಿಗೂ ಕನ್ನಡ ಪತ್ರಿಕೆಯನ್ನು ವಿಸ್ತರಿಸಬೇಕೆಂದು ನಮ್ಮ ಸಂಘಟನೆಗಳು ಒತ್ತಾಯಿಸಬೇಕಾದ ವಿಷಯವಿದು. ಅಲ್ಲಿಯವರೆಗೆ ಅರ್ಜಿಯಲ್ಲಿ ಕನ್ನಡವನ್ನು ಆಯ್ದುಕೊಳ್ಳುವವರು ಕೇಂದ್ರದ ನಗರವನ್ನೂ ಅದಕ್ಕೆ ತಕ್ಕಂತೆ ನೋಡಿಕೊಳ್ಳಬೇಕು. ಕನ್ನಡ ಆಯ್ದರೂ ಪ್ರಶ್ನೆಗಳು ಇಂಗ್ಲಿಷಿನಲ್ಲೂ ಕಾಣುತ್ತವೆ. ಅನುವಾದದಲ್ಲಿ ಸಂದೇಹ ಬಂದರೆ ಇಂಗ್ಲಿಷ್ ಪಾಠವೇ ಅಂತಿಮ.

ವಾಸಸ್ಥಳದ ಪ್ರಶ್ನೆಯೇ ಇಲ್ಲದ ಇನ್ನೊಂದು ದಾರಿ, ಕರ್ನಾಟಕದ ಖಾಸಗಿ ಇಂಜಿನಿಯರಿಂಗ್ ಕಾಲೇಜುಗಳಿಗಾಗಿ ನಡೆಯುವ ಕಾಮೆಡ್-ಕೆ ಪರೀಕ್ಷೆ. ದೇಶದ ಯಾವ ಭಾಗದವರೂ ಬರೆಯಬಹುದು. ಶುಲ್ಕ ಸರಕಾರಿ ಸೀಟಿಗಿಂತ ಹೆಚ್ಚು ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಂಡೇ ಮುಂದುವರಿಯಬೇಕು.

ವಿಶ್ವವಿದ್ಯಾಲಯವನ್ನು ಅಳೆಯುವ ಬಗೆ

ಅರ್ಹತೆ ಖಚಿತವಾದ ಮೇಲೆ ಸಂಸ್ಥೆಯ ಗುಣ ನೋಡಬೇಕು. ಪದವಿ ಪತ್ರದ ಮೇಲೆ ಯಾರ ಹೆಸರಿರುತ್ತದೆ ಎಂಬುದು ಮೊದಲ ಪ್ರಶ್ನೆ. ಸಂಯೋಜಿತ ಕಾಲೇಜಿನಲ್ಲಿ ಪಠ್ಯಕ್ರಮ, ಪರೀಕ್ಷೆ, ಪದವಿ ಎಲ್ಲವೂ ವಿಶ್ವವಿದ್ಯಾಲಯದ್ದು. ಸ್ವಾಯತ್ತ ಕಾಲೇಜಿನಲ್ಲಿ ಪಾಠ ಮತ್ತು ಪರೀಕ್ಷೆ ಕಾಲೇಜಿನದು, ಪದವಿ ವಿಶ್ವವಿದ್ಯಾಲಯದ್ದು. ಡೀಮ್ಡ್ ಮತ್ತು ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಎಲ್ಲವೂ ಅವುಗಳದೇ. ಸಾಮಾನ್ಯವಾಗಿ ಶುಲ್ಕವೂ ಹೆಚ್ಚು. ಸಂಸ್ಥೆಯ ಹೆಸರಿನಲ್ಲಿ ‘ಯೂನಿವರ್ಸಿಟಿ’ ಎಂಬ ಪದ ಕಂಡ ಮಾತ್ರಕ್ಕೆ ನಂಬಬಾರದು. ವಿಶ್ವವಿದ್ಯಾಲಯ ಅನುದಾನ ಆಯೋಗವು (ಯುಜಿಸಿ) ಮಾನ್ಯ ವಿಶ್ವವಿದ್ಯಾಲಯಗಳ ಪಟ್ಟಿಯನ್ನೂ ನಕಲಿಗಳ ಪಟ್ಟಿಯನ್ನೂ ತನ್ನ ಜಾಲತಾಣದಲ್ಲಿ ಪ್ರಕಟಿಸುತ್ತದೆ. ಇಂಜಿನಿಯರಿಂಗ್ ಕಾಲೇಜಿಗೆ ಎಐಸಿಟಿಇ ಅನುಮೋದನೆ ಆ ವರ್ಷಕ್ಕೆ ಇದೆಯೇ ಎಂಬುದನ್ನೂ ನೋಡಬೇಕು.

ನ್ಯಾಕ್ ಮತ್ತು ಎನ್‌ಬಿಎ ಎರಡು ಬೇರೆ ಮಾನ್ಯತೆಗಳು. ನ್ಯಾಕ್ ಇಡೀ ಸಂಸ್ಥೆಯನ್ನು ಅಳೆಯುತ್ತದೆ; ಎನ್‌ಬಿಎ ಅಳೆಯುವುದು ಒಂದೊಂದು ಪದವಿ ಶಾಖೆಯನ್ನು. ಕಾಲೇಜಿನ ಸಿವಿಲ್ ಶಾಖೆಗೆ ಎನ್‌ಬಿಎ ಮಾನ್ಯತೆ ಇದ್ದ ಮಾತ್ರಕ್ಕೆ ಅದರ ಐಟಿ ಶಾಖೆಗೂ ಇದೆಯೆಂದಲ್ಲ. ನಾವು ಸೇರುವ ಶಾಖೆಗೆ ಇದೆಯೇ ಎಂದು ಕೇಳಬೇಕು.

ಕಾಲೇಜಿಗೆ ಒಮ್ಮೆ ಖುದ್ದಾಗಿ ಹೋಗಿ ಬರುವುದು ನೂರು ಜಾಹೀರಾತುಗಳನ್ನು ಓದುವುದಕ್ಕಿಂತ ಮೇಲು. ಹೋದಾಗ ಕೇಳಬೇಕಾದ ಪ್ರಶ್ನೆಗಳು ಇವು:

1. ಐಟಿ ವಿಭಾಗದ ಕಾಯಂ ಅಧ್ಯಾಪಕರು ಎಷ್ಟು ಮಂದಿ? ವರ್ಷದ ನಡುವೆ ಬದಲಾಗುವವರು ಎಷ್ಟು ಮಂದಿ?

2. ತರಗತಿಯ ವೇಳೆ ಮುಗಿದ ಮೇಲೆ ಪ್ರಯೋಗಾಲಯ ತೆರೆದಿರುತ್ತದೆಯೇ? ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಇದು ಮುಖ್ಯ.

3. ಕಳೆದ ವರ್ಷ ಸೇರಿದವರಲ್ಲಿ ಎಷ್ಟು ಮಂದಿ ಒಂದನೇ ವರ್ಷದ ಎಲ್ಲ ವಿಷಯಗಳಲ್ಲಿ ತೇರ್ಗಡೆಯಾದರು?

4. ಕೆಲಸ ಸಿಕ್ಕವರು ಎಷ್ಟು, ಅದಕ್ಕೆ ಹೆಸರು ನೋಂದಾಯಿಸಿದವರು ಎಷ್ಟು? ಫಲಕದ ಮೇಲೆ ಬರೆದ ಅತಿ ಹೆಚ್ಚಿನ ಸಂಬಳ ಒಬ್ಬನದು. ನಡುಮಟ್ಟದ ವಿದ್ಯಾರ್ಥಿಗೆ ಸಿಕ್ಕಿದ್ದೆಷ್ಟು ಎಂಬುದೇ ನಮಗೆ ಬೇಕಾದ ಅಂಕಿ.

5. ಬೋಧನಾ ಶುಲ್ಕದ ಹೊರತಾಗಿ ಹಾಸ್ಟೆಲ್, ಬಸ್ಸು, ಪರೀಕ್ಷೆ, ಠೇವಣಿ ಸೇರಿ ನಾಲ್ಕು ವರ್ಷಕ್ಕೆ ತಗಲುವ ಒಟ್ಟು ಹಣವೆಷ್ಟು? ನಡುವೆ ಬಿಟ್ಟರೆ ಮೂಲ ಪ್ರಮಾಣಪತ್ರಗಳನ್ನು ಹಿಂದಿರುಗಿಸುತ್ತಾರೆಯೇ?

ಐದನೆಯ ಪ್ರಶ್ನೆಯನ್ನು ಹಣ ಕಟ್ಟುವ ಮೊದಲೇ ಕೇಳಿ ಉತ್ತರವನ್ನು ಬರಹದಲ್ಲಿ ಪಡೆಯಬೇಕು.

ಹಣದ ಚಿಂತೆಗೆ ಇರುವ ದಾರಿಗಳು

ಎಐಸಿಟಿಇ ಯೋಜನೆಯಂತೆ ಅನುಮೋದಿತ ಇಂಜಿನಿಯರಿಂಗ್ ಕಾಲೇಜುಗಳಲ್ಲಿ ವಾರ್ಷಿಕ ಆದಾಯ 8 ಲಕ್ಷ ರೂಪಾಯಿ ಮೀರದ ಕುಟುಂಬದ ಮಕ್ಕಳಿಗೆ ಬೋಧನಾ ಶುಲ್ಕ ವಿನಾಯಿತಿಯ ಶೇ. 5 ಹೆಚ್ಚುವರಿ ಸೀಟುಗಳಿರುತ್ತವೆ. ಪ್ರವೇಶದ ಅರ್ಜಿಯಲ್ಲೇ ಅದನ್ನು ಕೇಳಿಕೊಳ್ಳಬೇಕು. ಸೇರಿದ ಮೇಲೆ ಕೇಳಿದರೆ ಸಿಗದು. ಹೆಣ್ಣುಮಕ್ಕಳಿಗೆ ಎಐಸಿಟಿಇಯ ‘ಪ್ರಗತಿ’ ವಿದ್ಯಾರ್ಥಿವೇತನ ವರ್ಷಕ್ಕೆ 50,000 ರೂಪಾಯಿ. ಆದಾಯ ಮಿತಿ ಇದೇ 8 ಲಕ್ಷ, ಒಂದು ಕುಟುಂಬದ ಇಬ್ಬರು ಹೆಣ್ಣುಮಕ್ಕಳವರೆಗೆ ಅನ್ವಯ. ಕೇಂದ್ರ ಸರಕಾರ 2024ರ ನವೆಂಬರಿನಲ್ಲಿ ಒಪ್ಪಿಗೆ ಕೊಟ್ಟ ಪಿಎಂ ವಿದ್ಯಾಲಕ್ಷ್ಮಿ ಯೋಜನೆಯಡಿ, ಆಯ್ದ ಗುಣಮಟ್ಟದ ಸಂಸ್ಥೆಗಳಲ್ಲಿ ಸೀಟು ಪಡೆದವರಿಗೆ ಅಡಮಾನವಿಲ್ಲದ ಸಾಲವೂ, 8 ಲಕ್ಷದವರೆಗಿನ ಆದಾಯದ ಕುಟುಂಬಕ್ಕೆ 10 ಲಕ್ಷದವರೆಗಿನ ಸಾಲಕ್ಕೆ ಶೇ. 3 ಬಡ್ಡಿ ರಿಯಾಯಿತಿಯೂ ಇದೆ. ಸಾಲ ಮಾಡುವ ಮೊದಲು ಈ ಪಟ್ಟಿಯಲ್ಲಿ ಕಾಲೇಜಿನ ಹೆಸರಿದೆಯೇ ಎಂದು ನೋಡಬೇಕು.

ಇಷ್ಟೂ ಆಗದು ಎನ್ನುವವರಿಗೆ ಹತ್ತನೇ ತರಗತಿಯ ಬಳಿಕ ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಇದೆ. ಡಿಪ್ಲೊಮಾ ಮುಗಿಸಿದವರು ಬಿಟೆಕ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. ಕೈಯಲ್ಲಿ ಒಂದು ವಿದ್ಯೆ ಇರುತ್ತದೆ, ಮುಂದೆ ಓದುವ ದಾರಿಯೂ ತೆರೆದಿರುತ್ತದೆ.

ಕನ್ನಡ ಮಾಧ್ಯಮದ ಮಗುವಿಗೆ

ಐಟಿ ಪದವಿಯ ಪಾಠ, ಪಠ್ಯಪುಸ್ತಕ, ಪರೀಕ್ಷೆ ಎಲ್ಲವೂ ಇಂಗ್ಲಿಷಿನಲ್ಲೇ ಇರುತ್ತವೆ ಎಂದು ತಿಳಿದು ಸಿದ್ಧರಾಗಬೇಕು. ಮೊದಲ ಸೆಮಿಸ್ಟರಿನಲ್ಲಿ ಕಷ್ಟವಾಗುವುದು ವಿಷಯವಲ್ಲ, ಮಾತು. ‘ಅವಕಲನ’ ಗೊತ್ತಿದ್ದ ಮಗು ‘ಡಿಫರೆನ್ಷಿಯೇಶನ್’ ಎಂದಾಗ ಗಲಿಬಿಲಿಗೊಳ್ಳುತ್ತದೆ. ಇದಕ್ಕೆ ಮದ್ದು ಸರಳ: ಹನ್ನೊಂದನೇ ತರಗತಿಯಿಂದಲೇ ಗಣಿತ ಮತ್ತು ಭೌತಶಾಸ್ತ್ರದ ಪದಗಳನ್ನು ಎರಡೂ ಭಾಷೆಗಳಲ್ಲಿ ಒಂದೇ ಪುಸ್ತಕದಲ್ಲಿ ಬರೆದಿಡುವುದು. ಶಾಲೆಗಳ ಅಧ್ಯಾಪಕರು ಇದನ್ನು ರೂಢಿ ಮಾಡಿಸಬೇಕು. ಇಂಗ್ಲಿಷಿನ ಭಯಕ್ಕೆ ಐದನೇ ತರಗತಿಯಲ್ಲೇ ಮಗುವನ್ನು ಕನ್ನಡ ಶಾಲೆಯಿಂದ ಬಿಡಿಸುವುದಕ್ಕಿಂತ ಇದು ಅಗ್ಗವೂ ಹೌದು, ಫಲಕಾರಿಯೂ ಹೌದು. ಕನ್ನಡ ಶಾಲೆಯ ವ್ಯಾಸಂಗ ಪ್ರಮಾಣಪತ್ರವೇ ಗಡಿನಾಡ ಕನ್ನಡಿಗ ಅವಕಾಶಕ್ಕೆ ಬಲವಾದ ಆಧಾರ ಎಂಬುದನ್ನೂ ಪೋಷಕರು ನೆನಪಿಡಬೇಕು.

ಯಾವಾಗ ಏನು ಮಾಡಬೇಕು

ಹತ್ತನೇ ತರಗತಿಯ ಡಿಸೆಂಬರಿನೊಳಗೆ ತಂದೆ-ತಾಯಿಯ ಶಾಲಾ ದಾಖಲೆಗಳನ್ನು ಹುಡುಕಿ, ಮಗು ಯಾವ ರಾಜ್ಯದಲ್ಲಿ ಯಾವ ಅರ್ಹತೆ ಪಡೆಯುತ್ತದೆಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಬೇಕು. ಆ ಬಳಿಕವೇ ಪಿಯುಸಿ, ಪ್ಲಸ್ ಟು ಅಥವಾ ಇಂಟರ್ ಎಲ್ಲಿ ಎಂಬ ನಿರ್ಧಾರ. ಹನ್ನೊಂದನೇ ತರಗತಿಯಲ್ಲಿ ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಪಡೆದಿಟ್ಟುಕೊಳ್ಳಬೇಕು. ಶಾಲೆ ಮುಚ್ಚಿದ್ದರೆ ಅದರ ದಾಖಲೆಗಳು ಎಲ್ಲಿವೆ ಎಂದು ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಬೇಕು. ಹನ್ನೆರಡನೇ ತರಗತಿಯ ನವೆಂಬರಿನಿಂದ ಅಧಿಸೂಚನೆಗಳ ಮೇಲೆ ಕಣ್ಣಿಡಬೇಕು. ನಿಯಮಗಳು ವರ್ಷದಿಂದ ವರ್ಷಕ್ಕೆ ತಿದ್ದುಪಡಿಯಾಗುತ್ತವೆ. ಆ ವರ್ಷದ ಕೈಪಿಡಿಯೇ ಅಂತಿಮ. ಅರ್ಜಿ ತುಂಬಲು ಅಕ್ಷಯ ಕೇಂದ್ರಕ್ಕೋ ಇ-ಸೇವಾ ಕೇಂದ್ರಕ್ಕೋ ಮೀಸೇವಾ ಕೇಂದ್ರಕ್ಕೋ ಹೋದಾಗ, ‘ಗಡಿನಾಡ ಕನ್ನಡಿಗ’ ಅಥವಾ ‘ಸರಕಾರಿ ಶಾಲೆಯ ವಿದ್ಯಾರ್ಥಿ’ ಎಂಬ ಅಂಕಣವನ್ನು ಅಲ್ಲಿನವರು ತಾವಾಗಿ ತುಂಬುವರೆಂದು ಕಾಯಬಾರದು. ಪೋಷಕರೇ ಹೇಳಿ ತುಂಬಿಸಿ, ಮುದ್ರಿತ ಪ್ರತಿಯನ್ನು ಓದಿ ನೋಡಿಯೇ ಹಿಂದಿರುಗಬೇಕು.

ನಮ್ಮ ಮಕ್ಕಳು ಸೀಟು ಕಳೆದುಕೊಳ್ಳುವುದು ಬುದ್ಧಿಯ ಕೊರತೆಯಿಂದಲ್ಲ. ತುಂಬದೆ ಬಿಟ್ಟ ಒಂದು ಅಂಕಣ, ತರದೆ ಉಳಿದ ಒಂದು ಪ್ರಮಾಣಪತ್ರ, ಯಾರೂ ಹೇಳದ ಒಂದು ನಿಯಮ ಇಷ್ಟೇ ಸಾಕು. ಹತ್ತನೇ ತರಗತಿಯ ಪೋಷಕರ ಸಭೆಯಲ್ಲಿ ಅರ್ಧ ಗಂಟೆ ಮೀಸಲಿಟ್ಟು ಈ ಮಾಹಿತಿಯನ್ನು ಓದಿ ಹೇಳುವಂತೆ ಗಡಿನಾಡಿನ ಎಲ್ಲ ಕನ್ನಡ ಶಾಲೆಗಳ ಸಹೋದ್ಯೋಗಿಗಳನ್ನು ಕೋರುತ್ತೇವೆ.